ಬ್ಯಾಕೆಂಡ್ ಕಲಿಯಬೇಕೆ? ಗಂಜ್‌ನ ಲೆಕ್ಕದಿಂದಲೇ ಆರಂಭಿಸಿ

ರಾಯಚೂರಿನ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹತ್ತಿ ತುಂಬಿದ ಗಾಡಿ ಬಂದರೆ ಮೊದಲು ಲಾಟ್ ಸಂಖ್ಯೆ ದಾಖಲಾಗುತ್ತದೆ. ಬಳಿಕ ಖರೀದಿದಾರರು ದರ ನಮೂದಿಸುತ್ತಾರೆ, ತೂಕವಾಗುತ್ತದೆ, ರೈತನ ಕೈಗೆ ಪಟ್ಟಿ ಬರುತ್ತದೆ. ಈ ದಾಖಲೆಗಳು ಕಂಪ್ಯೂಟರಿಗೆ ಬಂದ ಮೇಲೆ, ಪರದೆಯ ಮೇಲೆ ಕಾಣುವ ಗುಂಡಿಗಳ ಹಿಂದೆ ನಿಂತು ಯಾರು ಎಷ್ಟು ತಂದರು, ಯಾವ ದರಕ್ಕೆ ಹೋಯಿತು, ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ತಪ್ಪಿಲ್ಲದೆ ಕಾಪಾಡುವ ಭಾಗವನ್ನೇ ಬ್ಯಾಕೆಂಡ್ ಎನ್ನುತ್ತಾರೆ. ಅದನ್ನು ಬರೆಯುವವರು ಬ್ಯಾಕೆಂಡ್ ಡೆವಲಪರ್‌ಗಳು.

ರಾಯಚೂರು, ಬಳ್ಳಾರಿ, ಕೊಪ್ಪಳದ ಕಾಲೇಜುಗಳಲ್ಲಿ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ಅನೇಕರು ಈ ಕೆಲಸಕ್ಕೆ ಬೇಕಾದ ತಂತ್ರಜ್ಞಾನಗಳ ಉದ್ದನೆಯ ಪಟ್ಟಿಯನ್ನು ನೋಡಿಯೇ ಹಿಂಜರಿಯುತ್ತಾರೆ. ಇಲ್ಲವೇ ವಾರಕ್ಕೊಂದರಂತೆ ಎಲ್ಲವನ್ನೂ ಮುಟ್ಟಿ ಬಿಡುತ್ತಾರೆ. ನನ್ನ ಸಲಹೆ ಬೇರೆ. ನಿಮ್ಮ ಊರಿನ ಒಂದು ಲೆಕ್ಕವನ್ನು ಆರಿಸಿಕೊಳ್ಳಿ, ಅದಕ್ಕೊಂದು ಬ್ಯಾಕೆಂಡ್ ಅನ್ನು ಕೊನೆಯವರೆಗೂ ಕಟ್ಟಿ. ಬಳ್ಳಾರಿಯವರು ಜೀನ್ಸ್ ಹೊಲಿಗೆ ಘಟಕದ ಪೀಸ್ ಲೆಕ್ಕವನ್ನು, ಗಂಗಾವತಿಯವರು ಅಕ್ಕಿ ಗಿರಣಿಯ ಭತ್ತದ ಲೆಕ್ಕವನ್ನು ಹಿಡಿಯಬಹುದು. ಇಲ್ಲಿ ಉದಾಹರಣೆಗೆ ಗಂಜ್‌ನ ಒಂದು ಅಡತಿ (ಕಮಿಷನ್ ಏಜೆಂಟರ) ಅಂಗಡಿಯ ಹತ್ತಿ ಲೆಕ್ಕವನ್ನು ತೆಗೆದುಕೊಂಡಿದ್ದೇನೆ. ದಿನಕ್ಕೆ ಎರಡು ಗಂಟೆ ನಿಷ್ಠೆಯಿಂದ ಕೂತರೆ ಸುಮಾರು ಒಂದು ವರ್ಷದ ಕೆಲಸವಿದು.

ಮೊದಲ ಹೆಜ್ಜೆ: ಯಂತ್ರ ಮತ್ತು ಒಂದು ಭಾಷೆ

ಮೊಬೈಲಿನಲ್ಲಿ ಪಾಠ ನೋಡಬಹುದೇ ಹೊರತು ಈ ಕೆಲಸ ಕಲಿಯಲಾಗದು. 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ರೂಪವಾದ ಉಬುಂಟು ಹಾಕಿಕೊಳ್ಳಿ, ಏಕೆಂದರೆ ಮುಂದೆ ನೀವು ಕೆಲಸ ಮಾಡುವ ಸರ್ವರ್‌ಗಳಲ್ಲಿ ಹೆಚ್ಚಿನವು ಲಿನಕ್ಸ್‌ನಲ್ಲೇ ನಡೆಯುತ್ತವೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಕಡತ ಹುಡುಕುವುದು, ಅನುಮತಿ ಬದಲಿಸುವುದು, ನಡೆಯುತ್ತಿರುವ ಪ್ರೋಗ್ರಾಂಗಳನ್ನು ನೋಡುವುದು ಮತ್ತು ನಿಲ್ಲಿಸುವುದು ಕೈಗೆ ರೂಢಿಯಾಗಬೇಕು.

ಭಾಷೆಯ ಆಯ್ಕೆಯಲ್ಲಿ ಕಾಲ ಕಳೆಯಬೇಡಿ. ಜಾವಾ, ಜಾವಾಸ್ಕ್ರಿಪ್ಟ್, ಗೋ, ಪೈಥಾನ್ ಎಲ್ಲಕ್ಕೂ ಕೆಲಸಗಳಿವೆ. ಹೊಸಬರಿಗೆ ನಾನು ಪೈಥಾನ್ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರ ಸರಳ ವಾಕ್ಯರಚನೆ ಅನುಕೂಲ. ಇಂಗ್ಲಿಷಿನ ಭಯವಿರುವವರು ಒಂದನ್ನು ಗಮನಿಸಬೇಕು: ಇಲ್ಲಿ ಬೇಕಾಗುವುದು ಮಾತನಾಡುವ ಇಂಗ್ಲಿಷಿಗಿಂತ ಮೊದಲು ಓದುವ ಇಂಗ್ಲಿಷ್. ದೋಷ ಸಂದೇಶ ಬಂದಾಗ ಅದನ್ನು ಮುಚ್ಚದೆ, ಕೊನೆಯ ಸಾಲಿನಿಂದ ಮೇಲಕ್ಕೆ ಪದಪದವಾಗಿ ಓದುವ ಅಭ್ಯಾಸ ಮಾಡಿಕೊಂಡರೆ ಮೂರು ತಿಂಗಳಲ್ಲಿ ಆ ಭಯ ತಾನಾಗಿಯೇ ಕಡಿಮೆಯಾಗುತ್ತದೆ.

ಅಭ್ಯಾಸಕ್ಕೆ ದತ್ತಾಂಶವೂ ಸಿಗುತ್ತದೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣ ಮಾರುಕಟ್ಟೆವಾರು ಆವಕವನ್ನೂ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ವಹಿವಾಟು ನಡೆದ) ಧಾರಣೆಗಳನ್ನೂ ಪ್ರಕಟಿಸುತ್ತದೆ. ಅಂಥ ಕೆಲವು ದಿನಗಳ ಹತ್ತಿ ಧಾರಣೆಯನ್ನು ಒಂದು ಕಡತದಲ್ಲಿ ಬರೆದುಕೊಂಡು, ಅದನ್ನು ಓದಿ ವಾರದ ಸರಾಸರಿ ತೆಗೆಯುವ ಪ್ರೋಗ್ರಾಂ ಬರೆಯಿರಿ. ಬರೆದದ್ದನ್ನೆಲ್ಲ ಮೊದಲ ದಿನದಿಂದಲೇ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಉಳಿಸಿ.

ಎರಡನೆಯ ಹೆಜ್ಜೆ: ಡೇಟಾಬೇಸ್

ಹೊಸಬರು ಇಲ್ಲಿ ಹೆಚ್ಚು ಕಾಲ ನಿಲ್ಲಬೇಕು, ಆದರೆ ನಿಲ್ಲುವುದಿಲ್ಲ ಎಂಬುದೇ ನನ್ನ ಬೇಸರ. ಫ್ರೇಮ್‌ವರ್ಕ್‌ಗಳು, ಅಂದರೆ ಪ್ರೋಗ್ರಾಂ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟುಗಳು, ಬದಲಾಗುತ್ತವೆ, ಆದರೆ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಿತ ಕೋಷ್ಟಕಗಳ ಕಲ್ಪನೆ ಇಂದಿಗೂ ಬಹುಪಾಲು ವ್ಯವಹಾರದ ತಂತ್ರಾಂಶಗಳಿಗೆ ಆಧಾರವಾಗಿದೆ. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್ ಹಾಕಿಕೊಂಡು, ಅದಕ್ಕೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಿರಿ.

ಅಂಗಡಿಯ ಲೆಕ್ಕಕ್ಕೆ ರೈತರು, ಖರೀದಿದಾರರು, ಲಾಟುಗಳು, ಪಾವತಿಗಳು ಎಂಬ ನಾಲ್ಕು ಕೋಷ್ಟಕಗಳು ಸಾಕು. ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ತುಂಬಿದರೆ ಏನಾಗುತ್ತದೆ? ಒಬ್ಬ ರೈತ ಹಂಗಾಮಿನಲ್ಲಿ ಹತ್ತು ಲಾಟು ತಂದರೆ ಅವನ ಹೆಸರು, ಊರು, ಮೊಬೈಲ್ ಸಂಖ್ಯೆ ಹತ್ತು ಸಲ ಬರೆಯಲ್ಪಡುತ್ತವೆ. ಸಂಖ್ಯೆ ಬದಲಾದಾಗ ಒಂಬತ್ತು ಕಡೆ ತಿದ್ದಿ ಒಂದು ಕಡೆ ಮರೆತರೆ ಯಾವುದು ಸರಿ ಎಂದು ಹೇಳುವವರೇ ಇರುವುದಿಲ್ಲ. ರೈತನನ್ನು ಒಮ್ಮೆ ಮಾತ್ರ ಬರೆದು, ಲಾಟಿನ ಸಾಲಿನಲ್ಲಿ ಅವನ ಗುರುತಿನ ಸಂಖ್ಯೆಯನ್ನಷ್ಟೇ ಇಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಹಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, ಉತ್ತರ 0.30000000000000004 ಎಂದು ಬರುತ್ತದೆ. ಕಂಪ್ಯೂಟರು ಫ್ಲೋಟ್ ಮಾದರಿಯ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಡುವುದರಿಂದ ಈ ಅಂಕಿಗಳು ಅದರಲ್ಲಿ ನಿಖರವಾಗಿ ಕೂರುವುದಿಲ್ಲ. ಕ್ವಿಂಟಲ್‌ಗೆ 7,245 ರೂಪಾಯಿಯಂತೆ 12.35 ಕ್ವಿಂಟಲ್ ಹತ್ತಿ ಮಾರಾಟವಾದರೆ ರೈತನಿಗೆ ಸಲ್ಲಬೇಕಾದದ್ದು 89,475 ರೂಪಾಯಿ 75 ಪೈಸೆ. ಇದನ್ನು 89,47,575 ಪೈಸೆ ಎಂಬ ಪೂರ್ಣಾಂಕವಾಗಿಯೋ, ಡೇಟಾಬೇಸಿನ ನಿಖರ ದಶಮಾಂಶದ ಮಾದರಿಯಲ್ಲಿಯೋ ಇಡಬೇಕು. ಹಂಗಾಮು ಮುಗಿದಾಗ ಖಾತೆಗಳು ಹೊಂದಿಕೆಯಾಗದೆ ರಾತ್ರಿಯೆಲ್ಲ ಕೂರುವ ಗುಮಾಸ್ತನ ಕಷ್ಟ ಇಂಥ ಸಣ್ಣ ನಿರ್ಧಾರದಲ್ಲೇ ತಪ್ಪುತ್ತದೆ.

ಮುಂದಿನದು ಟ್ರಾನ್ಸಾಕ್ಷನ್. ಲಾಟು ಮಾರಾಟವಾದಾಗ ಖರೀದಿದಾರನ ಖಾತೆಗೆ ಬಾಕಿ ಬರೆಯಬೇಕು, ರೈತನ ಖಾತೆಗೆ ಜಮಾ ಬರೆಯಬೇಕು. ಮೊದಲನೆಯದು ಆಗಿ ಎರಡನೆಯದಕ್ಕೆ ಮೊದಲು ಕರೆಂಟು ಹೋದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿದರೆ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಇದನ್ನು ಓದಿ ನಂಬಬೇಡಿ. ನಡುವೆ ಬೇಕೆಂದೇ ಪ್ರೋಗ್ರಾಂ ನಿಲ್ಲಿಸಿ, ಕೋಷ್ಟಕ ತೆರೆದು ಕಣ್ಣಾರೆ ನೋಡಿ. ಹಾಗೆಯೇ ಎರಡು ಟರ್ಮಿನಲ್ ತೆರೆದು ಒಂದೇ ಲಾಟನ್ನು ಎರಡೂ ಕಡೆಯಿಂದ ಒಟ್ಟಿಗೆ ಮಾರಲು ಯತ್ನಿಸಿ. ಒಬ್ಬರು ಬದಲಿಸುವಾಗ ಇನ್ನೊಬ್ಬರು ಮುಟ್ಟದಂತೆ ಸಾಲನ್ನು ಲಾಕ್ ಮಾಡುವುದು ಏಕೆ ಬೇಕೆಂದು ಆಗ ತಿಳಿಯುತ್ತದೆ.

ಬೇಕಾದ ಸಾಲನ್ನು ಬೇಗ ಹುಡುಕಲು ನೆರವಾಗುವ ಸೂಚಿಯಾದ ಇಂಡೆಕ್ಸ್ ಅರಿಯಲು ಐದು ಲಕ್ಷ ನಕಲಿ ಲಾಟುಗಳನ್ನು ತುಂಬಿ, ಒಬ್ಬ ರೈತನ ಲಾಟುಗಳನ್ನು ಹುಡುಕಿ. ಎಕ್ಸ್‌ಪ್ಲೇನ್ ಆಜ್ಞೆ ಕೊಟ್ಟರೆ ಡೇಟಾಬೇಸ್ ಎಲ್ಲ ಸಾಲುಗಳನ್ನೂ ಓದುತ್ತಿದೆಯೇ ಅಥವಾ ಇಂಡೆಕ್ಸ್ ಹಿಡಿದು ನೇರ ಹೋಗುತ್ತಿದೆಯೇ ಎಂದು ಅದೇ ಹೇಳುತ್ತದೆ.

ಕನ್ನಡದ ಹೆಸರುಗಳು, ನಮ್ಮ ಸಮಯ

ಪಠ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಕಾಣದ, ಆದರೆ ನಮ್ಮ ಜಿಲ್ಲೆಗಳ ದಾಖಲೆಗಳಿಗೆ ಅತ್ಯಗತ್ಯವಾದ ಸಂಗತಿಯೊಂದಿದೆ. ಎಲ್ಲ ಭಾಷೆಗಳ ಅಕ್ಷರ, ಚಿಹ್ನೆಗಳಿಗೆ ಯೂನಿಕೋಡ್ ಎಂಬ ಪದ್ಧತಿ ಸಂಕೇತ ಕೊಡುತ್ತದೆ. ಅವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ತೆಗೆದುಕೊಳ್ಳುತ್ತದೆ. ‘ರಾಯಚೂರು’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ಗೆ ಏಳು ಸಂಕೇತ, ಡಿಸ್ಕಿನಲ್ಲಿ 21 ಬೈಟ್. ಹೆಸರಿನ ಉದ್ದಕ್ಕೆ ಮಿತಿ ಹಾಕುವಾಗ ಈ ಮೂರರಲ್ಲಿ ಯಾವುದನ್ನು ಎಣಿಸುತ್ತಿದ್ದೀರಿ ಎಂದು ತಿಳಿದಿರಬೇಕು. ಇನ್ನೂ ಸೂಕ್ಷ್ಮವಾದದ್ದು ‘ಕೊಪ್ಪಳ’. ಅದರ ಮೊದಲ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಊತ್ವದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದಗಳು. ಹುಡುಕಿದರೆ ಒಂದು ಸಿಕ್ಕೀತು, ಇನ್ನೊಂದು ಸಿಗಲಿಕ್ಕಿಲ್ಲ. ಉಳಿಸುವ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಪೈಥಾನ್‌ನಲ್ಲಿ ಅದು ಒಂದು ಸಾಲಿನ ಕೆಲಸ.

ಸಮಯವೂ ಹೀಗೆಯೇ. ಸರ್ವರ್‌ಗಳು ಬಹುತೇಕ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯ ಪಾಲಿಸುತ್ತವೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ಬೆಳಗಿನ ಐದು ಗಂಟೆಗೆ ಬಂದ ಗಾಡಿ, ಎಚ್ಚರ ವಹಿಸದಿದ್ದರೆ, ಹಿಂದಿನ ದಿನದ ಆವಕದಲ್ಲಿ ಸೇರಿಹೋಗುತ್ತದೆ.

ಮೂರನೆಯ ಹೆಜ್ಜೆ: ಎಚ್‌ಟಿಟಿಪಿ ಮತ್ತು ಎಪಿಐ

ಮೊಬೈಲ್ ಅಥವಾ ಬ್ರೌಸರ್ ಸರ್ವರ್‌ಗೆ ಕೋರಿಕೆ ಕಳಿಸುತ್ತದೆ, ಸರ್ವರ್ ಉತ್ತರ ಕೊಡುತ್ತದೆ. ಈ ಸಂವಾದದ ನಿಯಮವೇ ಎಚ್‌ಟಿಟಿಪಿ. ಗೆಟ್ ಕೋರಿಕೆ ಓದಲು, ಪೋಸ್ಟ್ ಹೊಸದನ್ನು ಸೇರಿಸಲು. ಉತ್ತರದ ಸಂಖ್ಯೆಗಳಲ್ಲಿ 200 ಎಂದರೆ ಸರಿಯಾಗಿದೆ, 400 ಎಂದರೆ ಕೋರಿಕೆ ತಪ್ಪಾಗಿದೆ, 401 ಎಂದರೆ ನೀವು ಯಾರೆಂದು ತಿಳಿಸಿಲ್ಲ, 403 ಎಂದರೆ ನಿಮಗೆ ಅನುಮತಿಯಿಲ್ಲ, 404 ಎಂದರೆ ಕೇಳಿದ್ದು ಇಲ್ಲ, 500 ಎಂದರೆ ಸರ್ವರ್‌ನದೇ ದೋಷ. ಫ್ಲಾಸ್ಕ್ ಅಥವಾ ಫಾಸ್ಟ್‌ಎಪಿಐ ಎಂಬ ಪೈಥಾನ್ ಫ್ರೇಮ್‌ವರ್ಕ್ ಬಳಸಿ ಲಾಟು ಸೇರಿಸುವ, ಲಾಟು ನೋಡುವ, ರೈತನ ಬಾಕಿ ತೋರಿಸುವ ಮೂರು ವಿಳಾಸಗಳನ್ನು ಬರೆಯಿರಿ. ಬೇರೆ ಪ್ರೋಗ್ರಾಂಗಳು ಕೋರಿಕೆ ಕಳಿಸುವ ಇಂಥ ವಿಳಾಸಗಳ ಗುಂಪೇ ಎಪಿಐ. ಕರ್ಲ್ ಎಂಬ ಸಾಧನದಿಂದ ಪರೀಕ್ಷಿಸಿ. ಪರದೆಯ ಅಂದದ ಕಡೆ ಈಗ ಗಮನ ಬೇಡ.

ಒಂದು ಸಂದರ್ಭವನ್ನು ತಪ್ಪದೆ ಅಭ್ಯಾಸ ಮಾಡಬೇಕು. ನೆಟ್‌ವರ್ಕ್ ನಿಧಾನವಿರುವ ಊರಿನಲ್ಲಿ ಗುಮಾಸ್ತ ‘ಪಾವತಿ’ ಗುಂಡಿ ಒತ್ತುತ್ತಾನೆ, ಉತ್ತರ ಬರುವುದಿಲ್ಲ, ಮತ್ತೆ ಒತ್ತುತ್ತಾನೆ. ಮೊದಲ ಕೋರಿಕೆ ಸರ್ವರ್ ತಲುಪಿ, ಅದರ ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿದ್ದರೆ ಒಂದೇ ಲಾಟಿಗೆ ಎರಡು ಪಾವತಿ ದಾಖಲಾಗುತ್ತದೆ. ಆದ್ದರಿಂದ ಪ್ರತಿ ಪಾವತಿಯ ಜೊತೆ ಮೊಬೈಲಿನಲ್ಲೇ ಹುಟ್ಟಿದ ಒಂದು ವಿಶಿಷ್ಟ ಗುರುತು ಬರಬೇಕು. ಅದೇ ಗುರುತು ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಮರಳಿಸಬೇಕು.

ನಾಲ್ಕನೆಯ ಹೆಜ್ಜೆ: ಸುರಕ್ಷತೆ

ಇದನ್ನು ಕೊನೆಗೆ ಕಲಿತರಾಯಿತು ಎಂಬ ಭಾವನೆ ಅಪಾಯಕಾರಿ. ಪಾಸ್‌ವರ್ಡ್‌ಗಳನ್ನು ಇದ್ದ ಹಾಗೆಯೇ ಉಳಿಸದೆ ಬಿಕ್ರಿಪ್ಟ್ ಅಥವಾ ಆರ್ಗಾನ್2ರಿಂದ ಹ್ಯಾಶ್ ಮಾಡಿ, ಅಂದರೆ ಮೂಲ ಪದವನ್ನು ಮರಳಿ ಪಡೆಯಲಾಗದ ರೂಪಕ್ಕೆ ಬದಲಿಸಿ. ಬಳಕೆದಾರರು ಬರೆದ ಪಠ್ಯವನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರವಾಗಿ ಅಂಟಿಸದೆ ಪ್ಯಾರಾಮೀಟರ್ ಆಗಿ ಕಳಿಸಿ. ಇಲ್ಲವಾದರೆ ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ಬರೆದು ನಿಮ್ಮ ಕೋಷ್ಟಕವನ್ನು ಅಳಿಸಬಲ್ಲವರಿದ್ದಾರೆ. ಹೊಸಬರಿಂದ ಹೆಚ್ಚಾಗಿ ತಪ್ಪಿಹೋಗುವುದು ಇನ್ನೊಂದು: ವಿಳಾಸದಲ್ಲಿರುವ ರೈತನ ಸಂಖ್ಯೆ 41ನ್ನು 42 ಎಂದು ಬದಲಿಸಿದರೆ ಬೇರೆಯವರ ಬ್ಯಾಂಕ್ ವಿವರ ತೆರೆದುಕೊಳ್ಳುವಂತಿರಬಾರದು. ಲಾಗಿನ್ ಆಗಿದ್ದಾರೆಯೇ ಎಂದು ನೋಡಿದರೆ ಸಾಲದು, ಈ ದಾಖಲೆ ಅವರದೇ ಎಂದು ಪ್ರತಿ ಕೋರಿಕೆಯಲ್ಲೂ ಪರೀಕ್ಷಿಸಬೇಕು. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಅದನ್ನೂ ಒಮ್ಮೆ ಓದಿಕೊಳ್ಳಿ.

ಐದನೆಯ ಹೆಜ್ಜೆ: ಸರ್ವರ್‌ಗೆ ಏರಿಸುವುದು

ನಿಮ್ಮ ಲ್ಯಾಪ್‌ಟಾಪಿನಲ್ಲಿ ನಡೆಯುವ ಪ್ರೋಗ್ರಾಂ ಇನ್ನೂ ಸೇವೆಯಲ್ಲ. ತಿಂಗಳ ಬಾಡಿಗೆಗೆ ಒಂದು ಸಣ್ಣ ಲಿನಕ್ಸ್ ಸರ್ವರ್ ಪಡೆದು, ಮುಂದೆ ಕೋರಿಕೆಗಳನ್ನು ಸ್ವೀಕರಿಸಿ ನಿಮ್ಮ ಪ್ರೋಗ್ರಾಂಗೆ ದಾಟಿಸುವ ಎನ್‌ಜಿನ್‌ಎಕ್ಸ್ ನಿಲ್ಲಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರದಿಂದ ಎಚ್‌ಟಿಟಿಪಿಎಸ್ (ಗೂಢಲಿಪಿಯ ಎಚ್‌ಟಿಟಿಪಿ) ಹಾಕಿ. ಸರ್ವರ್ ಮರುಚಾಲನೆಗೊಂಡಾಗ ಪ್ರೋಗ್ರಾಂ ತಾನೇ ಏಳುವಂತೆ ಮಾಡಿ. ಡೇಟಾಬೇಸಿನ ಪಾಸ್‌ವರ್ಡ್ ಗಿಟ್‌ನಲ್ಲಿ ಸೇರದಂತೆ ನೋಡಿಕೊಳ್ಳಿ. ಪ್ರತಿ ರಾತ್ರಿ ಬ್ಯಾಕಪ್ ತೆಗೆದು ಬೇರೊಂದು ಕಡೆ ಇಡಿ. ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಹೊಸ ಡೇಟಾಬೇಸ್ ಎಬ್ಬಿಸಿ ನೋಡಿ, ಏಕೆಂದರೆ ಮರಳಿ ತೆರೆದು ನೋಡದ ಬ್ಯಾಕಪ್ ಅನ್ನು ನೆಚ್ಚಲಾಗದು. ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಕಟ್ಟಿಡುವ ಡಾಕರ್, ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟು ಬೇಗ ಕೊಡುವ ರೆಡಿಸ್ ಮುಂತಾದವುಗಳನ್ನು ಇದಾದ ಮೇಲೆ ಕಲಿತರೆ ಅವು ಯಾವ ಕಷ್ಟಕ್ಕೆ ಹುಟ್ಟಿದವೆಂದು ಅರ್ಥವಾಗುತ್ತದೆ.

ಪಾಠ ಎಲ್ಲಿ, ಕೆಲಸ ಹೇಗೆ

ಎನ್‌ಪಿಟಿಇಎಲ್ ಮತ್ತು ಸ್ವಯಂ ಎಂಬ ಆನ್‌ಲೈನ್ ಕಲಿಕಾ ವೇದಿಕೆಗಳಲ್ಲಿ ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್ ನೆಟ್‌ವರ್ಕ್ ಪಾಠಗಳನ್ನು ಉಚಿತವಾಗಿ ನೋಡಬಹುದು. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ಪೈಥಾನ್ ಮತ್ತು ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಗಳು ಅವುಗಳ ಜಾಲತಾಣದಲ್ಲೇ ಇವೆ. ಉದ್ಯೋಗ ಖಾತ್ರಿ ಎಂದು ಹೇಳಿ ಲಕ್ಷಗಟ್ಟಲೆ ಮುಂಗಡ ಕೇಳುವ ತರಬೇತಿಗೆ ಸಾಲ ಮಾಡಬೇಡಿ ಎಂದು ಪಾಲಕರಲ್ಲೂ ವಿನಂತಿಸುತ್ತೇನೆ. ಕೋಡ್ ಬರೆದುಕೊಡುವ ಎಐ ಸಾಧನಗಳನ್ನು ಅರ್ಥ ಕೇಳಲು ಧಾರಾಳವಾಗಿ ಬಳಸಿ, ಆದರೆ ಒಂದು ಸಾಲು ಏಕೆ ಇದೆಯೆಂದು ನಿಮ್ಮ ಬಾಯಲ್ಲೇ ಹೇಳಲಾಗದಿದ್ದರೆ ಅದನ್ನು ಉಳಿಸಿಕೊಳ್ಳಬೇಡಿ.

ಇಷ್ಟಾದ ಮೇಲೆ ಅರ್ಜಿ ಹಾಕಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಎರಡೂ ಕಡೆ ಅವಕಾಶ ನೋಡಬೇಕು. ಊರಿನಲ್ಲೇ ಕೂತು ಮಾಡುವ ಕೆಲಸಗಳೂ ಇವೆ, ಆದರೆ ಮೊದಲ ಒಂದೆರಡು ವರ್ಷ ಅನುಭವಿಗಳ ಪಕ್ಕದಲ್ಲಿ ಕೂತು ಕಲಿಯುವುದು ಮೇಲು. ಅರ್ಜಿಯ ಜೊತೆ, ನಿಮ್ಮ ಕೋಡ್ ಇತರರು ನೋಡುವಂತೆ ಇಟ್ಟ ಗಿಟ್‌ಹಬ್ ತಾಣದ ವಿಳಾಸವನ್ನೂ ನಡೆಯುತ್ತಿರುವ ಸೇವೆಯ ಕೊಂಡಿಯನ್ನೂ ಕೊಡಿ. ಏನು ಕಟ್ಟಿದ್ದೀರಿ, ಕೋಷ್ಟಕಗಳು ಹೇಗಿವೆ, ಏಕೆ ಹಾಗಿವೆ ಎಂದು ಒಂದು ಪುಟ ಬರೆದಿಡಿ. ಸಂದರ್ಶನಗಳಲ್ಲಿ ಎಸ್‌ಕ್ಯೂಎಲ್ ಪ್ರಶ್ನೆಗಳು, ಅರೇ, ಹ್ಯಾಶ್ ಟೇಬಲ್‌ನಂತಹ ದತ್ತಾಂಶ ರಚನೆಗಳು ಬರುತ್ತವೆ, ಅವುಗಳಿಗೆ ದಿನಕ್ಕೆ ಅರ್ಧ ಗಂಟೆ ಮೀಸಲಿಡಿ. ನಿಮ್ಮ ಯೋಜನೆಯ ಬಗ್ಗೆ ಕೇಳಿದಾಗ, ಎರಡು ಸಲ ಒತ್ತಿದ ಪಾವತಿ ಗುಂಡಿಯ ಸಮಸ್ಯೆಯನ್ನು ಹೇಗೆ ಬಿಡಿಸಿದಿರಿ ಎಂಬುದನ್ನು ಕೋಷ್ಟಕದ ಚಿತ್ರ ಬರೆದು ವಿವರಿಸಿ.