ಓಣಿ ತುಂಬ ಹಿರಿಯರಿದ್ದಾಗ ಮಕ್ಕಳನ್ನು ಬೆಳೆಸುವುದು ಹೇಗೆ

ಹಳೆ ಬಾಗಲಕೋಟೆಯ ಓಣಿಗಳಲ್ಲಿ ಹುಟ್ಟಿದ ಕೂಸು ಒಂದೇ ಮನೆಯದಾಗಿ ಉಳಿಯುವುದಿಲ್ಲ. ಎದುರುಮನೆ ಆಯಿ, ಬಾಜೂಮನೆ ಕಾಕು, ಕಟ್ಟೆ ಮೇಲೆ ಕೂರುವ ಮುತ್ಯಾ, ಎಲ್ಲರಿಗೂ ಅದರ ಮೇಲೆ ಹಕ್ಕು, ಎಲ್ಲರದ್ದೂ ಒಂದೊಂದು ಸಲಹೆ. ಬೇಸತ್ತು ಬಾಗಿಲು ಹಾಕಿಕೊಳ್ಳಬೇಡಿ. ಕೆಲವೇ ವಿಷಯಕ್ಕೆ ಗಟ್ಟಿಯಾಗಿ ನಿಲ್ಲಿ, ಉಳಿದದ್ದನ್ನು ಓಣಿಗೆ ಬಿಡಿ.

ಮೊದಲನೆಯದು ಬಾಯಿಗೆ ಹಾಕುವ ವಿಷಯ. ಆರು ತಿಂಗಳವರೆಗೆ ಎದೆಹಾಲು ಒಂದೇ ಸಾಕು, ಏಪ್ರಿಲ್ ಬಿಸಿಲಲ್ಲೂ ಬೇರೆ ನೀರು ಬೇಡ. ವರ್ಷ ತುಂಬುವ ತನಕ ಜೇನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತದೆ, ಕೂಸಿನ ಮೈಯೆಲ್ಲ ಸೋತು ಉಸಿರಾಟಕ್ಕೇ ಕಷ್ಟವಾಗಬಹುದು. ಇನ್ನು ಶೇಂಗಾ. ನಮ್ಮ ಕಡೆ ಕೈಗೆ ಸಿಗುವುದೇ ಅದು, ಅಲ್ವಾ? ಸಣ್ಣ ಮಕ್ಕಳಿಗೆ ಇಡೀ ಕಾಳು ಕೊಟ್ಟರೆ ಉಸಿರುನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅಂಟು, ಒಣಹಣ್ಣು ಹಾಕಿ ಮಾಡುವ ಅಮೀನಗಡದ ಸಿಹಿ ಕರದಂಟಿಗೂ ಇದೇ ಮಾತು. ನಾಲ್ಕೈದು ವರ್ಷದವರೆಗೆ ನುಣ್ಣಗೆ ಪುಡಿ ಮಾಡಿದ್ದನ್ನೇ ಕೊಡಿ. ಶೇಂಗಾ ಹೋಳಿಗೆ ಆಗುತ್ತದೆ.

ಇದನ್ನೆಲ್ಲ ಹೇಳುವ ರೀತಿ ಬಹಳ ಮುಖ್ಯ. ಕಟ್ಟೆ ಮೇಲೆ ನಾಲ್ಕು ಮಂದಿ ಎದುರಿಗೆ "ಡಾಕ್ಟರು ಬೇಡ ಅಂದಾರ" ಎಂದರೆ ಆಯಿಗೆ ಅವಮಾನವಾಗುತ್ತದೆ, ಮರುದಿನ ಅವರು ನಿಮಗೆ ಕಾಣದಂತೆ ಜೇನು ನೆಕ್ಕಿಸುತ್ತಾರೆ. ಮಧ್ಯಾಹ್ನ ಅವರು ಜೋಳ ಹಸನು ಮಾಡುವಾಗ ಪಕ್ಕಕ್ಕೆ ಕೂತು, ನೀವೂ ಒಂದು ಮೊರ ಹಿಡಿದು, "ಆಯಿ, ವರ್ಷ ತುಂಬಲಿ, ಆಮೇಲೆ ನೀವ ನಿಮ್ಮ ಕೈಯಾರ ನೆಕ್ಕಸ್ರಿ" ಎನ್ನಿ. ಜೊತೆಗೆ ಅವರಿಗೊಂದು ಕೆಲಸ ಒಪ್ಪಿಸಿ. ಎಣ್ಣೆ ಹಚ್ಚಿ ಎರೆಯುವುದು ಅವರಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ. ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದು ಬೇಡ ಎಂದಷ್ಟೇ ಕೇಳಿಕೊಳ್ಳಿ.

ಕೂಸು ನಡೆಯಲು ಶುರು ಮಾಡಿದ ಮೇಲೆ ಓಣಿಯ ಮೇಲೆ ಅತಿಯಾದ ಭರವಸೆ ಒಳ್ಳೆಯದಲ್ಲ. ಎಲ್ಲರೂ ಇದ್ದಾರೆ ಎಂದುಕೊಂಡು ಯಾರೂ ನೋಡುತ್ತಿರುವುದಿಲ್ಲ. ನಳ ಬಂದ ದಿನ ಮನೆಮನೆಯಲ್ಲೂ ಹೌದಿನ (ನೀರಿನ ತೊಟ್ಟಿಯ) ಮುಚ್ಚಳ ತೆಗೆದಿರುತ್ತದೆ, ಬ್ಯಾರಲ್ ತುಂಬಿರುತ್ತದೆ, ದೊಡ್ಡವರೆಲ್ಲ ಕೊಡ ಹಿಡಿದು ಓಡಾಡುತ್ತಿರುತ್ತಾರೆ. ಅಂಥ ಹೊತ್ತಲ್ಲಿ ಒಬ್ಬರನ್ನೇ ಕರೆದು "ಕಾಕು, ಈಗ ನಿಮ್ಮ ಕಡೆ ಬಿಟ್ಟೇನ್ರಿ" ಎಂದು ಹೇಳಿ ಹೋಗಿ. ಹೋಳಿಯಲ್ಲಿ ಬಣ್ಣದ ಬಂಡಿಗಳು ಬರುವ ದಿನಗಳಲ್ಲಂತೂ ಇದು ಬೇಕೇ ಬೇಕು.

ಇನ್ನೊಂದು ವಿಷಯ ಮಾತಾಡಲು ಎಲ್ಲರಿಗೂ ಸಂಕೋಚ, ಆದರೂ ಮಾತಾಡಲೇಬೇಕು. ಮಕ್ಕಳಿಗೆ ಕಿರುಕುಳ ಕೊಡುವವರು ಬಹಳ ಸಲ ಪರಿಚಯದವರೇ ಆಗಿರುತ್ತಾರೆ. "ಮಾಮಾಗ ಮುದ್ದು ಕೊಡು" ಎಂದು ಒತ್ತಾಯ ಮಾಡಬೇಡಿ. ಬೇಡ ಎಂದರೆ ಬೇಡ, ಕೈಮುಗಿದರೆ ಸಾಕು. ಯಾರಾದರೂ "ಮನ್ಯಾಗ ಹೇಳಬ್ಯಾಡ" ಎಂದರೆ ಅದನ್ನೇ ಮೊದಲು ಬಂದು ಹೇಳಬೇಕೆಂದು ಕಲಿಸಿ, ಹೇಳಿದಾಗ ನಂಬಿ. ಮಕ್ಕಳ ಸಹಾಯವಾಣಿ 1098, ಮಗುವೇ ಫೋನ್ ಮಾಡಬಹುದು. ನಂಬರು ಬಾಯಿಪಾಠ ಮಾಡಿಸಿ.

ಬೈಯುವ ಹಕ್ಕು ಓಣಿಗೆಲ್ಲ ಇರಲಿ, ಹೊಡೆಯುವ ಹಕ್ಕು ಯಾರಿಗೂ ಬೇಡ, ನಿಮಗೂ ಬೇಡ. ಮಕ್ಕಳ ಜಗಳಕ್ಕೆ ಮಾತ್ರ ದೊಡ್ಡವರು ಸುಮ್ನೆ ಇಳಿಯಬಾರದು. ಗೋಲಿ ಸಲುವಾಗಿ ಶುರುವಾದದ್ದು ಎರಡು ಮನೆಗಳ ಮಾತು ನಿಲ್ಲಿಸಿಬಿಡುತ್ತದೆ, ಮಕ್ಕಳು ಮಾತ್ರ ಸಂಜೆಗೆ ಮತ್ತೆ ಕೂಡಿ ಆಡುತ್ತಿರುತ್ತಾರೆ. ಗಾಯವಾಗಿದ್ದರೆ ತೊಳೆಯಿರಿ, ಇಬ್ಬರ ಮಾತನ್ನೂ ಕೇಳಿ, ಆಮೇಲೆ ಆ ಮನೆಯ ತಾಯಿಯ ಹತ್ತಿರ ನೀವೇ ಹೋಗಿ ನಡೆದದ್ದನ್ನು ಹೇಳಿ. ಕಟ್ಟೆಯಿಂದ ಸುದ್ದಿ ಮುಟ್ಟುವುದಕ್ಕಿಂತ ಮುಂಚೆ ಹೋಗಿ.