ಪುಟ್ಟ ವಿಮಾನ ಕೊಳ್ಳುವ ಮುನ್ನ ಎಂಜಿನ್ ಲೆಕ್ಕ

ವಿಮಾನ ನೋಡಲು ಹೋದವರು ಮೊದಲು ಕೇಳುವುದೇ 'ಎಷ್ಟು ಎಚ್‌ಪಿ?' ಅಂತ. ಅದು ಆಮೇಲೆ. ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸಾಮಾನ್ಯವಾಗಿ ಎಷ್ಟು ಜನ ಹತ್ತುತ್ತೀರಿ, ಎಷ್ಟು ದೂರ ಹೋಗುತ್ತೀರಿ, ರನ್‌ವೇ ಎಷ್ಟು ಉದ್ದವಿದೆ. ವರ್ಷಕ್ಕೊಮ್ಮೆಯ ದೂರ ಪ್ರಯಾಣಕ್ಕಾಗಿ ದೊಡ್ಡ ಎಂಜಿನ್ ಸಾಕುವುದು ದಂಡ.

ಎರಡನೆಯದು ತೂಕ. ನಾಲ್ಕು ಸೀಟಿದ್ದರೆ ನಾಲ್ವರು ಹಾರಬಹುದು ಎಂದಲ್ಲ. ವಿಮಾನ 390 ಕೆ.ಜಿ. ಹೊರುತ್ತದೆ ಎನ್ನಿ. 150 ಲೀಟರ್ ಇಂಧನಕ್ಕೇ 108 ಕೆ.ಜಿ. ಹೋಯಿತು. ಉಳಿದ 282ರಲ್ಲಿ 80 ಕೆ.ಜಿ.ಯ ಮೂವರು, ಅವರ ಬ್ಯಾಗು. ನಾಲ್ಕನೆಯವರು ಬಂದರೆ ಇಂಧನ ಇಳಿಸಬೇಕು.

ಈಗ ಶಕ್ತಿಯ ವಿಷಯ. ಅದೇ ವಿಮಾನದ ವೇಗ ಹತ್ತು ಪರ್ಸೆಂಟ್ ಹೆಚ್ಚಬೇಕಾದರೆ ಶಕ್ತಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಜಾಸ್ತಿ ಬೇಕು. 160 ಎಚ್‌ಪಿಯ ನಾಲ್ಕು ಸೀಟಿನ ಸೆಸ್ನಾ 172 ಸುಮಾರು 115 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.) ವೇಗದಲ್ಲಿ ಗಂಟೆಗೆ 30 ಲೀಟರ್ ಕುಡಿಯುತ್ತದೆ. 230 ಎಚ್‌ಪಿಯ ಸೆಸ್ನಾ 182ಕ್ಕೆ 140 ನಾಟ್, ಗಂಟೆಗೆ 50 ಲೀಟರ್. 300 ನಾಟಿಕಲ್ ಮೈಲಿಗೆ ಅರ್ಧ ಗಂಟೆಯೂ ಉಳಿಯುವುದಿಲ್ಲ, ಇಂಧನ ಮಾತ್ರ ಸುಮಾರು 30 ಲೀಟರ್ ಹೆಚ್ಚು. ಅದರ ಜೊತೆಗೆ ನೋಡಿಕೊಳ್ಳಲು ಇನ್ನೂ ಎರಡು ಸಿಲಿಂಡರ್, ದುಬಾರಿ ಪ್ರೊಪೆಲ್ಲರ್. ಹಾಗಂತ ದೊಡ್ಡ ಎಂಜಿನ್ ಸುಮ್ನೆ ಶೋಕಿಯಲ್ಲ. ಬಿಸಿಲಿನಲ್ಲಿ, ಎತ್ತರದ ರನ್‌ವೇಯಿಂದ ತುಂಬಿದ ವಿಮಾನ ಏರಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ. ಟರ್ಬೊ (ಮೇಲಿನ ತೆಳು ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇಲ್ಲದ ಎಂಜಿನ್ 8,000 ಅಡಿಯಲ್ಲಿ ಮುಕ್ಕಾಲು ಶಕ್ತಿಯಷ್ಟೇ ಕೊಡುತ್ತದೆ.

ಖರ್ಚಿನಲ್ಲಿ ಜನ ಮರೆಯುವುದು ಓವರ್‌ಹಾಲ್, ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದು. ಪುಟ್ಟ ವಿಮಾನಗಳಿಗೆ ಎಂಜಿನ್ ಮಾಡುವ ಲೈಕಮಿಂಗ್ ಕಂಪನಿಯ ಬಹಳಷ್ಟು ಎಂಜಿನ್‌ಗಳಿಗೆ ಅದು ಹೇಳುವ ಅವಧಿ 2,000 ಗಂಟೆ, ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. 1,200 ಗಂಟೆ ಓಡಿದ್ದರೆ ಓವರ್‌ಹಾಲ್ ವೆಚ್ಚವನ್ನು ಉಳಿದ 800ರಿಂದ ಭಾಗಿಸಿ, ಪ್ರತಿ ಗಂಟೆಗೆ ಅಷ್ಟು ಎತ್ತಿಡಿ. ಹಿಂದಿನವರು ಹಾರಿಸಿದ್ದಕ್ಕೂ ನೀವೇ ಕೊಡುತ್ತಿದ್ದೀರಿ ಅಲ್ವಾ? ಚೌಕಾಸಿ ಮಾಡಲು ಇದೇ ಜಾಗ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಹಾರಿದರೂ ಹಾರದಿದ್ದರೂ ತಪ್ಪದು. ವರ್ಷಕ್ಕೆ 50 ಗಂಟೆಯೂ ಹಾರದವರು ಪಾಲುದಾರರನ್ನು ಹುಡುಕುವುದು ಜಾಣತನ.

ಹಳೇ ವಿಮಾನದ ಎಂಜಿನ್ ಕಡಿಮೆ ಓಡಿದೆ ಎಂದರೆ ಹಿಗ್ಗಬೇಡಿ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮೇಲ್ಗಡೆ ಇರುತ್ತದೆ. ವಿಮಾನ ನಿಂತೇ ಇದ್ದರೆ ಎಣ್ಣೆ ಇಳಿದು ತುಕ್ಕು ಹಿಡಿಯುತ್ತದೆ. ಲಾಗ್‌ಬುಕ್‌ನಲ್ಲಿ ತಿಂಗಳುಗಟ್ಟಲೆ ಹಾರಾಟವೇ ಇಲ್ಲದ ಖಾಲಿ ಅವಧಿಗಳನ್ನು ಹುಡುಕಿ. ನಿಮ್ಮದೇ ಮೆಕ್ಯಾನಿಕ್ ಕರೆದೊಯ್ದು ಕಂಪ್ರೆಷನ್ (ಸಿಲಿಂಡರ್ ಗಾಳಿಯ ಒತ್ತಡವನ್ನು ಎಷ್ಟು ಹಿಡಿದಿಡುತ್ತದೆ ಎಂದು) ಅಳೆಸಿ, ಬೋರೋಸ್ಕೋಪ್ (ಒಳಗೆ ಇಣುಕುವ ಸಣ್ಣ ಕ್ಯಾಮೆರಾ) ಇಳಿಸಿ ಸಿಲಿಂಡರ್ ನೋಡಿಸಿ, ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯೇ ಎಂದು ಪರೀಕ್ಷಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬೇರೆ ವಿಮಾನ ನೋಡಿ.