ಇಂಗ್ಲೆಂಡ್‌ಗೆ ನರ್ಸ್ ಆಗಿ ಬರಲು ನನಗಾದ ಖರ್ಚು

ಊರಿನ ಹುಡುಗಿಯರು ಫೋನ್ ಮಾಡಿದರೆ ಮೊದಲು ಕೇಳುವುದೇ ಇದು: 'ಅಕ್ಕಾ, ಇಂಗ್ಲೆಂಡ್‌ಗೆ ಹೋಗಲು ಎಷ್ಟು ಲಕ್ಷ ಬೇಕು?' ನಾನು ಲಕ್ಷಗಟ್ಟಲೆ ಕೊಟ್ಟಿದ್ದು ಕಾಲೇಜಿಗೆ, ಬರುವುದಕ್ಕಲ್ಲ.

ಮಂಗಳೂರಿನಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದೆ. ಬ್ಯಾಂಕಿನಿಂದ 4 ಲಕ್ಷ ಸಾಲ ತೆಗೆದಿದ್ದೆ. ಕೆಲಸ ಸಿಕ್ಕಿತು, ಸಂಬಳ 14 ಸಾವಿರ. ಪಿಜಿ, ಊಟ, ಸಾಲದ ಕಂತು ಕಳೆದರೆ ಬಸ್ ಚಾರ್ಜಿಗೆ ಮಾತ್ರ ಉಳಿಯುತ್ತಿತ್ತು.

ಆಗ ಒಬ್ಬ ಏಜೆಂಟ್ 2 ಲಕ್ಷ ಕೇಳಿದ. ಅಪ್ಪ ಅಡಿಕೆ ಮಾರಿದ ದುಡ್ಡು ತೆಗೆದಿಟ್ಟೂ ಆಗಿತ್ತು. ಪುಣ್ಯಕ್ಕೆ ಸೀನಿಯರ್ ಒಬ್ಬರು ತಡೆದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಕಳಿಸುವ ಏಜೆನ್ಸಿ ನಮ್ಮಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ, ಅವರ ಫೀಸು ಆಸ್ಪತ್ರೆಯೇ ಕೊಡಬೇಕು. ಇದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು ಹೇಳಿ?

ನನ್ನ ಕೈಯಿಂದ ಹೋದದ್ದರಲ್ಲಿ ದೊಡ್ಡದು ಒಇಟಿ, ಅಂದರೆ ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ. 587 ಆಸ್ಟ್ರೇಲಿಯನ್ ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 32 ಸಾವಿರ. ಬರವಣಿಗೆಯಲ್ಲಿ ಸಿ ಪ್ಲಸ್ ಸಾಕಿತ್ತು, ನನಗೆ ಬಂದದ್ದು ಸಿ. ಮತ್ತೆ ಪೂರ್ತಿ ಫೀಸು ಕಟ್ಟಿದೆ. ಕೆಲಸ ಬಿಟ್ಟು ಕೋಚಿಂಗ್ ಸೇರು ಅಂತ ಎಲ್ಲರೂ ಹೇಳಿದರು, ಆದರೆ ಆರು ತಿಂಗಳು ಮನೆಯಲ್ಲಿ ಕೂತಿದ್ದರೆ ಸಂಬಳವೇ 84 ಸಾವಿರ ಹೋಗುತ್ತಿತ್ತು, ಅದನ್ನು ಖರ್ಚು ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ ಅಲ್ವಾ. ನೈಟ್ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ಬೆಳಿಗ್ಗೆ ರೂಮಿಗೆ ಬಂದು, ಮಲಗುವ ಮೊದಲು, ರಾತ್ರಿ ನೋಡಿದ ಒಬ್ಬ ರೋಗಿಯನ್ನು ನೆನೆದು ಹೆಸರಿಲ್ಲದೆ, ಪರೀಕ್ಷೆಯಲ್ಲಿ ಕೇಳುವಂಥ ಒಂದು ರೆಫರಲ್ ಪತ್ರ (ರೋಗಿಯನ್ನು ಇನ್ನೊಬ್ಬರ ಆರೈಕೆಗೆ ಕಳಿಸುವ ಪತ್ರ) ಬರೆಯುತ್ತಿದ್ದೆ. 40 ನಿಮಿಷ, 200 ಪದದ ಒಳಗೆ. ಎರಡನೇ ಸಲ ಪಾಸಾದದ್ದು ಅದರಿಂದಲೇ.

ಆಮೇಲೆ ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿಗೆ 140 ಪೌಂಡ್, ಸಿಬಿಟಿಗೆ, ಅಂದರೆ ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆಗೆ, 83. ಹೊರಡುವ ಮೊದಲು ಕಟ್ಟಿದ್ದು ಎಲ್ಲ ಸೇರಿ ಲಕ್ಷ ದಾಟಲಿಲ್ಲ. ವೀಸಾ, ಟಿಕೆಟ್, ಮೊದಲ ತಿಂಗಳ ರೂಮು, ಅಲ್ಲಿಗೆ ಹೋದ ಮೇಲೆ ಕೊಡುವ 794 ಪೌಂಡಿನ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ, ಎಲ್ಲವೂ ಆಸ್ಪತ್ರೆಯದು. ಆದರೆ ಅದು ಸುಮ್ನೆ ಕೊಟ್ಟದ್ದಲ್ಲ. ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಒಪ್ಪಂದದಲ್ಲಿತ್ತು. ತಿಂಗಳು ಕಳೆದಂತೆ ಆ ಮೊತ್ತ ಕಡಿಮೆ ಆಗುತ್ತದಾ ಅಂತ ನಾನು ಸಹಿ ಹಾಕುವ ಮೊದಲೇ ಮೇಲ್‌ನಲ್ಲಿ ಕೇಳಿ ಬರೆಸಿಕೊಂಡೆ. ಓಸ್ಕಿ ಫೇಲಾದರೆ ಮರುಪರೀಕ್ಷೆಯ ಫೀಸು ಯಾರದು ಅಂತ ಕೇಳಲು ಮರೆತೆ. ಆ ಪರೀಕ್ಷೆಯ 10 ಸ್ಟೇಷನ್‌ನಲ್ಲಿ, ಅಂದರೆ ಭಾಗಗಳಲ್ಲಿ, ಎರಡು ಹೋಯಿತು, 397 ಪೌಂಡ್ ನನ್ನ ಜೇಬಿನಿಂದ.

2022ರಲ್ಲಿ ರಿಜಿಸ್ಟ್ರೇಷನ್ ಸಿಕ್ಕಿ ಬ್ಯಾಂಡ್ 5ಕ್ಕೆ, ಅಂದರೆ ಅಲ್ಲಿನ ನರ್ಸ್‌ಗಳ ಮೊದಲ ಸಂಬಳದ ದರ್ಜೆಗೆ, ಬಂದೆ, ವರ್ಷಕ್ಕೆ 27,055 ಪೌಂಡ್, ತೆರಿಗೆ ಬೇರೆ. ಬಾಡಿಗೆ ಜಾಸ್ತಿ. ಆದರೂ ಒಂದೂವರೆ ವರ್ಷದಲ್ಲಿ ಸಾಲ ಮುಗಿಯಿತು. ಅಡಿಕೆಯ ದುಡ್ಡಿನಲ್ಲಿ ಅಪ್ಪ ತೋಟಕ್ಕೆ ಬೋರ್‌ವೆಲ್ ಹಾಕಿಸಿದರು.